ಲಾರಿ ಎಲ್ಲಿ ನಿಂತಿತು

30×40ರ ಸೈಟು, ಮುಂದೆ 20 ಅಡಿಯ ರಸ್ತೆ. ಹಿಂದಿನ ದಿನ ಸಂಜೆ ಬಂದ ಎಂ-ಸ್ಯಾಂಡಿನವನು ಕಲ್ಲು ಪುಡಿಮಾಡಿದ ಆ ಮರಳನ್ನು ಗೇಟಿನ ಬಾಯಿಗೇ ಸುರಿದು ಹೋಗಿದ್ದ. ಬೆಳಗ್ಗೆ ಆರೂವರೆಗೆ ಸಾಲಿಡ್ ಬ್ಲಾಕಿನ ಲಾರಿ ಬಂತು. ಒಳಗೆ ಹೋಗಲು ದಾರಿಯಿಲ್ಲ, ಡ್ರೈವರಿಗೆ ಇನ್ನೊಂದು ಟ್ರಿಪ್ಪಿನ ಅವಸರ. "ಎಲ್ಲಿ ಇಳಿಸ್ಲಿ ಮೇಸ್ತ್ರಿ?" ಎಂದು ಫೋನು ಮಾಡಿ ಕೇಳಿದ. ಮೇಸ್ತ್ರಿ ಇನ್ನೂ ದಾರಿಯಲ್ಲಿದ್ದ. "ಎದುರುಗಡೆ ಖಾಲಿ ಸೈಟ್ ಐತಲ್ಲ, ಅಲ್ಲೇ ಹಾಕ್ಬಿಡು, ಆಮೇಲೆ ಸಾಗಿಸ್ಕೊಂಡ್ರಾಯ್ತು" ಅಂದ. ಮಾತು ಅಷ್ಟೇ. ಆ ಲಾರಿಯಲ್ಲಿದ್ದದ್ದು 6 ಇಂಚಿನ 400 ಬ್ಲಾಕು. ಒಂದೊಂದು ಸುಮಾರು 25 ಕೆಜಿ, ಒಟ್ಟು 10 ಟನ್. ಲಾರಿಯಿಂದ ನೆಲಕ್ಕೆ ಒಂದು ಸಲ. ಎರಡು ದಿನ ಬಿಟ್ಟು ಆ ಸೈಟಿನವರು ತಕರಾರು ತೆಗೆದಾಗ ರಸ್ತೆ ದಾಟಿಸಿ ಒಳಕ್ಕೆ ಒಂದು ಸಲ. ಗೋಡೆ ಕಟ್ಟುವಾಗ ಮೊದಲ ಮಹಡಿಗೆ ಇನ್ನೊಂದು ಸಲ. 10 ಟನ್ನಿನ ಕೆಲಸ 30 ಟನ್ನಾಯಿತು. ಎತ್ತಿದವರು ಯಾದಗಿರಿ ಕಡೆಯ ಗಂಡ ಹೆಂಡತಿ, ಅವರ ಜೊತೆ ಬಂದಿದ್ದ ಒಬ್ಬ ಹುಡುಗ.

ಮೂರು ವಾರದ ಮೇಲೆ ಆ ಗಂಡಸು ಬಿದ್ದಿದ್ದ ಕರಣೆಯನ್ನು ಎತ್ತಿಕೊಳ್ಳಲು ಬಗ್ಗಿದವನು ನೆಟ್ಟಗಾಗಲಿಲ್ಲ. ಗೋಡೆ ಹಿಡಿದು ನಿಂತ, ಬೆವರು ಕಿತ್ತುಕೊಂಡು ಬಂತು, ಎಡಗಾಲು ಜೋಮು ಹಿಡಿದಂತಾಯಿತು. ಸುತ್ತಲಿನವರೆಲ್ಲ ಒಂದೇ ಮಾತು ಹೇಳಿದರು: "ಬಗ್ಗಿದ್ದು ಸರಿಯಿಲ್ಲ, ಸೊಂಟ ಹಿಡೀತು." ಕರಣೆ ಅರ್ಧ ಕೆಜಿಯೂ ಇರಲಿಲ್ಲ. ಬೆನ್ನಿನ ವಿಷಯದಲ್ಲಿ ಬಹಳ ಸಲ ಹೀಗೇ ಆಗುತ್ತದೆ. ಸಾವಿರ ಸಲ ಭಾರ ಹೊತ್ತು ಸವೆದ ಬೆನ್ನು ಒಂದು ಚೊಂಬು ಎತ್ತುವಾಗ ಕೈಕೊಡುತ್ತದೆ. ಅಪವಾದವೆಲ್ಲ ಆ ಕೊನೆಯ ಬಗ್ಗುವಿಕೆಯ ಮೇಲೆ ಬೀಳುತ್ತದೆ. ಎದುರಿನ ಖಾಲಿ ಸೈಟಿನ ಮಾತು ಯಾರಿಗೂ ನೆನಪಾಗುವುದಿಲ್ಲ.

ದೊಡ್ಡ ಪ್ರಾಜೆಕ್ಟುಗಳ ಗೇಟಿನಲ್ಲಿ ಒಂದು ಬೋರ್ಡು ಇರುತ್ತದೆ. ಬೆನ್ನು ಬಗ್ಗಿಸಿದವನ ಮೇಲೆ ಕೆಂಪು ಅಡ್ಡಗೆರೆ, ಮಂಡಿ ಮಡಚಿ ಕೂತು ಎತ್ತುವವನ ಮೇಲೆ ಹಸಿರು ಟಿಕ್ಕು. ಆ ಚಿತ್ರ ಸುಳ್ಳಲ್ಲ. ಆದರೆ ದಿನಕ್ಕೆ 400 ಸಲ ಮಂಡಿ ಮಡಚಿ ಕೂತು ಏಳುವುದು ಯಾರಿಂದ ಸಾಧ್ಯ? ಮೂವತ್ತನೆಯ ಬ್ಲಾಕಿಗೆ ತೊಡೆ ನಡುಗಲು ಶುರುವಾಗುತ್ತದೆ, ಐವತ್ತನೆಯದಕ್ಕೆ ಯಾರಾದರೂ ಬೆನ್ನೇ ಬಗ್ಗಿಸುತ್ತಾರೆ. ಭಾರ ಎತ್ತಿ ಆಗುವ ಪೆಟ್ಟು ಎತ್ತುವವನ ಭಂಗಿಯಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಅದಕ್ಕೂ ಮುಂಚೆಯೇ ಹುಟ್ಟಿರುತ್ತದೆ. ಸಾಮಾನು ಎಷ್ಟು ತೂಕದ್ದು ತರಿಸಿದರು, ಎಲ್ಲಿ ಇಳಿಸಿದರು, ಯಾವ ಎತ್ತರದಲ್ಲಿ ಜೋಡಿಸಿದರು, ಎಷ್ಟು ಸಲ ಮುಟ್ಟಿಸಿದರು. ಈ ನಾಲ್ಕನ್ನು ತೀರ್ಮಾನ ಮಾಡುವವರು ಯಾರೂ ಭಾರ ಎತ್ತುವವರಲ್ಲ.

ಭಾರಕ್ಕಿಂತ ದೂರ

ಸೊಂಟದ ಕೊನೆಯ ಮೂಳೆಗೂ ಅದರ ಕೆಳಗಿನ ತ್ರಿಕಾಸ್ಥಿಗೂ ನಡುವೆ ಒಂದು ಮೆತ್ತನೆಯ ಡಿಸ್ಕ್ ಇದೆ. ಭಾರ ಎತ್ತುವಾಗ ಅತಿ ಹೆಚ್ಚು ಒತ್ತಡ ಬೀಳುವ ಜಾಗಗಳಲ್ಲಿ ಅದು ಮುಖ್ಯವಾದದ್ದು. ನಮ್ಮ ಬೆನ್ನು ಇಲ್ಲಿ ಏತದ ಹಾಗೆ ಕೆಲಸ ಮಾಡುತ್ತದೆ. ಡಿಸ್ಕೇ ಆಸರೆ. ಒಂದು ಕಡೆ ಕೈಯಲ್ಲಿರುವ ಭಾರ, ಇನ್ನೊಂದು ಕಡೆ ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯು. ಕಷ್ಟ ಏನೆಂದರೆ ಸ್ನಾಯು ಇರುವುದು ಡಿಸ್ಕಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ, ಭಾರ ಇರುವುದು 40 ಸೆಂಟಿಮೀಟರ್ ಮುಂದೆ. 50 ಕೆಜಿಯ ಚೀಲವನ್ನು ಅಷ್ಟು ದೂರದಲ್ಲಿ ಹಿಡಿದರೆ ಸ್ನಾಯು ಎಳೆಯಬೇಕಾದದ್ದು 400 ಕೆಜಿಯಷ್ಟು. ಬಗ್ಗಿದ ಮೈಯ ತೂಕ ಅದರ ಮೇಲೆ ಬೇರೆ. ಅದೇ ಚೀಲವನ್ನು ಹೊಟ್ಟೆಗೆ ತಾಗಿಸಿಕೊಂಡು ದೂರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ ಅದು 250ಕ್ಕೆ ಬರುತ್ತದೆ. ಚೀಲದ ತೂಕ ಒಂದು ಗ್ರಾಂ ಕಡಿಮೆಯಾಗಿಲ್ಲ, ಅದಕ್ಕಾಗಿ ಸ್ನಾಯು ಎಳೆಯಬೇಕಾದದ್ದು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದಿದೆ. "ಮೈಗೆ ಹತ್ತಿರ ಹಿಡಿ" ಎಂದು ಹಳೆಯ ಹಮಾಲರು ಹೇಳುವುದರ ಹಿಂದೆ ಈ ಲೆಕ್ಕವಿದೆ.

ಆದರೆ ಹತ್ತಿರ ಹಿಡಿಯಲು ಜಾಗ ಬೇಕಲ್ಲ. ಚೀಲದ ಮುಂದೆ ಮರಳಿನ ಗುಡ್ಡೆ ಇದ್ದರೆ, ಬ್ಲಾಕು ಗೋಡೆಯ ಮೂಲೆಗೆ ಒತ್ತಿಕೊಂಡಿದ್ದರೆ, ಕಾಲಿಡಲು ಸಂಟ್ರಿಂಗಿನ (ಕಾಂಕ್ರೀಟು ಗಟ್ಟಿಯಾಗುವವರೆಗೆ ಆಸರೆ ಕೊಡುವ) ಹಲಗೆ ಅಡ್ಡ ಬಂದರೆ, ಕೈ ಚಾಚಿಯೇ ಎತ್ತಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಒಂದು ಸೂತ್ರವಿದೆ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಭಾರ ಮೈಗೆ ಹತ್ತಿರ, ಸೊಂಟದ ಸಮಕ್ಕೆ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ, ಹಿಡಿಯಲು ಸರಿಯಾದ ಹಿಡಿಕೆಯೊಂದಿಗೆ ಇದ್ದಾಗ, ಎತ್ತಬಹುದಾದದ್ದು 23 ಕೆಜಿ. ಅನುಕೂಲ ತಪ್ಪಿದಷ್ಟೂ ಇದರಿಂದ ಕಳೆಯುತ್ತ ಹೋಗಬೇಕು. ನೆಲದ ಮೇಲೆ ಮಲಗಿರುವ ಚೀಲಕ್ಕೆ, ಕೈ 15 ಸೆಂಟಿಮೀಟರ್ ಎತ್ತರದಲ್ಲಿ, ಮೈಯಿಂದ 40 ಸೆಂಟಿಮೀಟರ್ ದೂರದಲ್ಲಿ ಎಂದು ಲೆಕ್ಕ ಹಾಕಿದರೆ ಉಳಿಯುವುದು 12 ಕೆಜಿಗಿಂತ ಕಡಿಮೆ. ಮೈ ತಿರುಚುವುದು, ಗಂಟೆಗೆ ಎಷ್ಟು ಸಲ ಎತ್ತುವುದು, ಇವನ್ನು ಸೇರಿಸಿದರೆ ಇನ್ನೂ ಇಳಿಯುತ್ತದೆ. ನಮ್ಮ ಸಿಮೆಂಟ್ ಚೀಲ ಅದರ ನಾಲ್ಕು ಪಟ್ಟು.

ಹಾಗಾದರೆ ಮಾಡಬೇಕಾದ ಮೊದಲ ಕೆಲಸ ಸಾಮಾನನ್ನು ನೆಲದಿಂದ ಮೇಲಕ್ಕೆ ಇಡುವುದು. ಎರಡು ಸಾಲು ಬ್ಲಾಕಿನ ಮೇಲೆ ಹಲಗೆ ಹಾಕಿ ಅದರ ಮೇಲೆ ಬ್ಲಾಕು ಜೋಡಿಸಿದರೆ ಕೆಳಗಿನ ಸಾಲೂ ಮೊಣಕಾಲಿನ ಹತ್ತಿರ ಇರುತ್ತದೆ. ಗೋಡೆ ಕಟ್ಟುವವನ ಪಕ್ಕದಲ್ಲಿ ಬ್ಲಾಕು ಬಿದ್ದಿರುವುದು ನೆಲದಲ್ಲಿ, ಗೋಡೆ ಇರುವುದು ಎದೆಯ ಎತ್ತರದಲ್ಲಿ ಎಂದಾದರೆ ಒಂದೊಂದು ಬ್ಲಾಕಿಗೂ ನೆಲದಿಂದ ಎದೆಯವರೆಗಿನ ಪಯಣ. ಒಂದು ಕುದುರೆ ಸ್ಟೂಲು, ಅದರ ಮೇಲೆ ಎರಡು ಹಲಗೆ, ಹೆಲ್ಪರು ಅಲ್ಲಿಗೆ ತಂದಿಟ್ಟರೆ ಮೇಸ್ತ್ರಿಯ ಬೆನ್ನು ಉಳಿಯುತ್ತದೆ. ಇದಕ್ಕೆ ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ, ಎಲ್ಲ ಸೈಟಿನಲ್ಲೂ ಈ ಸಾಮಾನು ಇದ್ದೇ ಇರುತ್ತದೆ.

50 ಕೆಜಿ ಎಂಬ ಚೀಲ

ಕಟ್ಟಡ ಕಾರ್ಮಿಕರಿಗಾಗಿ 1998ರಲ್ಲಿ ಬಂದ ಕೇಂದ್ರ ನಿಯಮಗಳು ಒಬ್ಬರು ಹೊರಬಹುದಾದ ಭಾರಕ್ಕೆ ಮಿತಿ ಹಾಕಿದವು. ವಯಸ್ಕ ಗಂಡಸಿಗೆ 55 ಕೆಜಿ, ಹೆಂಗಸಿಗೆ 30. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸಿನಲ್ಲೂ ಗಂಡಸಿಗೆ ಹೇಳಿದ ಅಂಕಿ 55. ಹೀಗಾಗಿ 50 ಕೆಜಿಯ ಚೀಲ ಕಾನೂನಿನ ಒಳಗೇ ಇದೆ. ಒಂದೇ ಒಂದು ಸಲ ಹೊರಲು ಅದು ಸರಿ ಇರಬಹುದು. ಲೋಡು ಇಳಿಸುವವರು ಅದನ್ನು ಒಂದು ಬೆಳಗಿನಲ್ಲಿ ಇನ್ನೂರು ಸಲ ಹೊರುತ್ತಾರೆ. ಬ್ರಿಟನ್ನಿನಲ್ಲಿ, ಯುರೋಪಿನ ಹಲವು ದೇಶಗಳಲ್ಲಿ ಸಿಮೆಂಟು ಸಿಗುವುದು 25 ಕೆಜಿಯ ಚೀಲದಲ್ಲಿ. ಅಲ್ಲಿನವರ ಬೆನ್ನು ನಮ್ಮವರ ಬೆನ್ನಿಗಿಂತ ದುರ್ಬಲವಾದದ್ದಲ್ಲ. ಚೀಲದ ತೂಕವನ್ನು ಮೈಗೆ ಹೊಂದಿಸಬಹುದು ಎಂದು ಯಾರೋ ಯೋಚಿಸಿ ಮಾಡಿದರು. ನಮ್ಮಲ್ಲೂ ಅದು ಆಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅದು ಆಗುವವರೆಗೆ ಇರುವ ಚೀಲದ ಜೊತೆಯೇ ಏಗಬೇಕು. ಸಾಮಾನ್ಯ ಅಂದಾಜಿನಂತೆ ಮನೆಗೆ ಚದರಡಿಗೆ 0.4 ಚೀಲ ಸಿಮೆಂಟು ಹಿಡಿಯುತ್ತಾರೆ. 2,000 ಚದರಡಿಯ ಮನೆಗೆ 800 ಚೀಲ, 40 ಟನ್. ಲಾರಿಯ ಹಲಗೆ ಸುಮಾರು ನಾಲ್ಕಡಿ ಎತ್ತರದಲ್ಲಿರುತ್ತದೆ, ಹೊರುವವನು ಅದಕ್ಕೆ ಬೆನ್ನು ಕೊಟ್ಟು ನಿಂತರೆ ಮೇಲಿನ ಇಬ್ಬರು ಚೀಲವನ್ನು ಅವನ ಬೆನ್ನಿಗೆ ಜಾರಿಸುತ್ತಾರೆ. ನೋಡಲು ಇವನ ಕೆಲಸವೇ ಕಷ್ಟ ಅನ್ನಿಸುತ್ತದೆ, ಆದರೆ ಇವನು ನೆಲದಿಂದ ಎತ್ತುತ್ತಿಲ್ಲ, ಭಾರ ಬೆನ್ನುಮೂಳೆಯ ನೇರಕ್ಕೆ ಕೂತಿದೆ. ಹೆಚ್ಚು ಪೆಟ್ಟು ತಿನ್ನುವವರು ಲಾರಿಯ ಮೇಲಿನ ಇಬ್ಬರು. ಲೋಡು ಇಳಿದಂತೆ ಅವರಿಗೆ ಚೀಲ ಸಿಗುವುದು ಪಾದದ ಸಮಕ್ಕೆ, ಬಗ್ಗಿ ಎತ್ತಿ, ಎತ್ತಿದ್ದನ್ನು ಮೈ ತಿರುಚಿ ಕೊಡಬೇಕು. ಬಗ್ಗುವುದು ಮತ್ತು ತಿರುಚುವುದು ಒಟ್ಟಿಗೆ ಆದಾಗ ಡಿಸ್ಕಿನ ಹಿಂಬದಿಯ ಅಂಚಿಗೆ ಅತಿ ಹೆಚ್ಚು ಹಾನಿ. ಕಾಲು ತಿರುಗಿಸಿ ಇಡಬೇಕು, ಸೊಂಟ ತಿರುಗಿಸಬಾರದು. ಅರ್ಧ ಲೋಡಿಗೊಮ್ಮೆ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ ಬದಲಾಗಬೇಕು. ಆದರೆ ಕೂಲಿ ಚೀಲಕ್ಕಿಷ್ಟು ಎಂದು ಇರುವಾಗ ಯಾರೂ ಬದಲಾಗಲು ನಿಲ್ಲುವುದಿಲ್ಲ. ಒಟ್ಟು ಲೋಡಿಗೆ ಇಷ್ಟು ಎಂದು ಮಾತಾಡಿ, ನಡುವೆ ಹತ್ತು ನಿಮಿಷದ ಚಹಾವನ್ನು ಮಾಲೀಕರೇ ಕೊಡಿಸಿದರೆ ಅದೂ ಒಂದು ಸುರಕ್ಷತೆಯ ಕ್ರಮವೇ.

ಇನ್ನೊಂದು ಮಾತು, ಹೊತ್ತಿನದ್ದು. ಬೆಂಗಳೂರಿನೊಳಗೆ ಹಗಲಿನ ದಟ್ಟಣೆಯ ಹೊತ್ತಿನಲ್ಲಿ ದೊಡ್ಡ ಲಾರಿಗಳಿಗೆ ನಿರ್ಬಂಧ ಇರುವುದರಿಂದ ಲೋಡು ಬರುವುದು ರಾತ್ರಿ ಅಥವಾ ನಸುಕಿನಲ್ಲಿ. ಮಲಗಿದ್ದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಬೆಳಗ್ಗೆ ನಮ್ಮ ಎತ್ತರ ಸಂಜೆಗಿಂತ ಒಂದಿಷ್ಟು ಹೆಚ್ಚಿರುವುದು ಇದರಿಂದಲೇ. ಉಬ್ಬಿದ ಡಿಸ್ಕು ಬಗ್ಗಿದಾಗ ಹೆಚ್ಚು ಬಿಗಿಯುತ್ತದೆ, ಬೇಗ ಗಾಯಗೊಳ್ಳುತ್ತದೆ. ನಿದ್ದೆಯಿಂದ ಎದ್ದ ಹತ್ತೇ ನಿಮಿಷಕ್ಕೆ ಶೆಡ್ಡಿನಿಂದ ಕರೆದು ಚೀಲ ಹೊರಿಸುವುದು ಬೆನ್ನಿಗೆ ಅತಿ ಕೆಟ್ಟ ಹೊತ್ತಿನಲ್ಲಿ ಅತಿ ಕೆಟ್ಟ ಕೆಲಸ ಕೊಟ್ಟಂತೆ. ಅರ್ಧ ಗಂಟೆಯಾದರೂ ಓಡಾಡಿ, ತಾರ್ಪಾಲು ಬಿಚ್ಚಿ, ದಾರಿ ಸರಿಮಾಡಿಕೊಂಡು ಆಮೇಲೆ ಭಾರಕ್ಕೆ ಕೈ ಹಾಕಬೇಕು.

ಜೋಡಿಸುವಾಗ ಹತ್ತು ಚೀಲಕ್ಕಿಂತ ಎತ್ತರ ಬೇಡ ಎಂಬುದು ಸಿಮೆಂಟು ಗಟ್ಟಿಯಾಗದಿರಲು ಹೇಳುವ ಮಾತು. ಹೊರುವವನ ಕಡೆಯಿಂದ ನೋಡಿದರೆ ಆರೇ ಒಳ್ಳೆಯದು, ಮೇಲಿನ ಚೀಲ ಸೊಂಟದಿಂದ ಎದೆಯ ನಡುವೆ ಸಿಗುತ್ತದೆ. ಜಾಗವಿಲ್ಲದೆ ಹತ್ತು ಏರಿಸಲೇಬೇಕಾದರೆ ಮುಂದಿನ ಸಾಲನ್ನು ಗಿಡ್ಡಗೆ, ಹಿಂದಿನದನ್ನು ಎತ್ತರಕ್ಕೆ, ಮೆಟ್ಟಿಲಿನಂತೆ ಮಾಡಬೇಕು. ನೇರವಾಗಿ ಗೋಡೆಯಂತೆ ಏರಿಸಿ ನಡುವಿನಿಂದ ಎಳೆದರೆ ಮೇಲಿನದು ಎಳೆದವನ ಮೇಲೇ ಬರುತ್ತದೆ. ಬೆವರಿದ ಬರಿ ಬೆನ್ನಿನ ಮೇಲೆ ಸಿಮೆಂಟಿನ ಧೂಳು ಕೂತರೆ ಚರ್ಮ ಸುಡುತ್ತದೆ, ಖಾಲಿ ಚೀಲದ ಪ್ಲಾಸ್ಟಿಕ್ಕನ್ನು ಹೆಗಲಿಗೆ ಹೊದ್ದುಕೊಂಡರೂ ಸಾಕು.

ತಲೆಯ ಮೇಲಿನ ಲೆಕ್ಕ

ಹೆಣ್ಣಾಳುಗಳ ಮೇಲಿನ ಭಾರವನ್ನು ಯಾರೂ ತೂಕ ಮಾಡುವುದಿಲ್ಲ, ಎಣಿಸುತ್ತಾರೆ. "ಹನ್ನೆರಡು ಇಟ್ಟಿಗೆ ಹೊರ್ತಾಳೆ" ಎಂದು ಹೇಳುತ್ತಾರೆ. ಒಂದು ಇಟ್ಟಿಗೆ ಸುಮಾರು 3 ಕೆಜಿ. ಹತ್ತಕ್ಕೇ 30 ಮುಟ್ಟಿತು, ಹನ್ನೆರಡಕ್ಕೆ 36. 4 ಇಂಚಿನ ಸಾಲಿಡ್ ಬ್ಲಾಕು 17 ಕೆಜಿ, ಒಂದು ಹೊತ್ತರೆ ಮಿತಿಯೊಳಗೆ, ಎರಡು ಹೊತ್ತರೆ ಹೊರಗೆ. 8 ಇಂಚಿನದು ಒಂದೇ 34 ಕೆಜಿ. ಅದನ್ನು ಹೆಂಗಸಿನ ತಲೆಗೆ ಏರಿಸುವುದೇ ನಿಯಮಕ್ಕೆ ವಿರುದ್ಧ. ಈ ಅಂಕಿಗಳನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಟ್ಟರೂ ಒಂದು ಪ್ರಯೋಜನವಿದೆ, ಯಾಕೆಂದರೆ ಬಹಳಷ್ಟು ಮೇಸ್ತ್ರಿಗಳಿಗೆ ಬ್ಲಾಕಿನ ಅಳತೆ ಬಾಯಿಪಾಠ, ತೂಕ ಗೊತ್ತಿಲ್ಲ.

ಇಟ್ಟಿಗೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಟ್ಟುವ ಮುಂಚೆ ಅದನ್ನು ನೀರಿನಲ್ಲಿ ನೆನೆಸುತ್ತೇವೆ. ಸಾಧಾರಣ ಇಟ್ಟಿಗೆ ತನ್ನ ತೂಕದ ಐದರಲ್ಲಿ ಒಂದು ಪಾಲಿನವರೆಗೂ ನೀರು ಕುಡಿಯಬಹುದು. ತೊಟ್ಟಿ ಕೆಳಗಿದ್ದರೆ ನೆನೆದ ಇಟ್ಟಿಗೆ ಮೇಲಕ್ಕೆ ಹೋಗಬೇಕು, ಹತ್ತು ಇಟ್ಟಿಗೆಯ ಹೊರೆಯಲ್ಲಿ 4–5 ಕೆಜಿ ಬರಿ ನೀರು, ಮೇಲೆ ಅದು ಕುತ್ತಿಗೆಗೆ ಸುರಿಯುತ್ತ, ಮೆಟ್ಟಿಲನ್ನೂ ಜಾರಿಸುತ್ತ ಹೋಗುತ್ತದೆ. ಇಟ್ಟಿಗೆಯನ್ನು ಒಣಗಿದ್ದಾಗಲೇ ಮೇಲಕ್ಕೆ ಸಾಗಿಸಿ, ಪೈಪಿನಲ್ಲಿ ನೀರನ್ನು ಮೇಲಕ್ಕೆ ತಂದು ಡ್ರಮ್ಮಿನಲ್ಲಿ ನೆನೆಸಿದರೆ ಇಷ್ಟೂ ತಪ್ಪುತ್ತದೆ. ಎಎಸಿ ಬ್ಲಾಕು, ಅಂದರೆ ಒಳಗೆ ಗಾಳಿಗುಳ್ಳೆ ತುಂಬಿದ ಕಾಂಕ್ರೀಟಿನ ಬ್ಲಾಕು, ಹಗುರ ಎಂದು ತರಿಸುತ್ತಾರೆ, 24×8×8 ಇಂಚಿನದು ಒಣಗಿದಾಗ 15 ಕೆಜಿಯ ಆಸುಪಾಸು. ಆದರೆ ಕಾರ್ಖಾನೆಯಿಂದ ಹೊಸದಾಗಿ ಬಂದದ್ದರಲ್ಲಿ, ಮಳೆಗೆ ನೆನೆದದ್ದರಲ್ಲಿ ನೀರು ತುಂಬಿರುತ್ತದೆ. ಮುಚ್ಚಿಟ್ಟು ಒಂದಿಷ್ಟು ದಿನ ಒಣಗಲು ಬಿಟ್ಟರೆ ಗೋಡೆಗೂ ಒಳ್ಳೆಯದು, ಹೊರುವವರಿಗೂ.

ತಲೆಹೊರೆಯ ಕಷ್ಟ ಕುತ್ತಿಗೆಗೆ. ಸಿಂಬಿ ಸರಿಯಾಗಿದ್ದರೆ ಭಾರ ನೆತ್ತಿಯ ನಡುವೆ ಕೂರುತ್ತದೆ, ನಡೆಯುವಾಗ ಕುತ್ತಿಗೆಯ ಮೂಳೆಗಳ ನೇರಕ್ಕೆ ಇಳಿಯುತ್ತದೆ. ಹಳೆ ಸೀರೆಯ ತುಂಡನ್ನು ಬಿಗಿಯಾಗಿ ಸುತ್ತಿದ ಸಿಂಬಿ ದಿನವಿಡೀ ನಿಲ್ಲುತ್ತದೆ, ಟವೆಲ್ಲನ್ನು ಮಡಚಿ ಇಟ್ಟುಕೊಂಡದ್ದು ನಾಲ್ಕು ಸಲ ಓಡಾಡುವಷ್ಟರಲ್ಲಿ ಸಡಿಲವಾಗಿ ಒಂದು ಬದಿಗೆ ವಾಲುತ್ತದೆ. ವಾಲಿದ ಹೊರೆಯನ್ನು ಸರಿಮಾಡಲು ಕುತ್ತಿಗೆಯನ್ನು ಓರೆ ಹಿಡಿದೇ ನಡೆಯುತ್ತಾರೆ, ನೋವು ಅಲ್ಲಿಂದ ಶುರು. ತಲೆಗೆ ಏರಿಸುವ ಮತ್ತು ಇಳಿಸುವ ಗಳಿಗೆ ಇನ್ನೂ ಅಪಾಯದ್ದು. ಏರಿಸಲು ಇನ್ನೊಬ್ಬರು ಇರುತ್ತಾರೆ. ಇಳಿಸಲು ಮೇಲೆ ಯಾರೂ ಇರುವುದಿಲ್ಲ, ತಾವೇ ಬಗ್ಗಿ ಬಾಂಡ್ಲಿಯನ್ನು ಮುಂದಕ್ಕೆ ಎಸೆದಂತೆ ಇಳಿಸುತ್ತಾರೆ. ಮೇಲೆ ಎದೆಯ ಎತ್ತರಕ್ಕೆ ಒಂದು ಹಲಗೆಯ ಕಟ್ಟೆ ಮಾಡಿಟ್ಟರೆ ತಲೆಯಿಂದ ನೇರ ಅದರ ಮೇಲೆ ಜಾರಿಸಬಹುದು. ಹೊರೆ ಹೊತ್ತವರಿಗೆ ತಮ್ಮ ಪಾದ ಕಾಣುವುದಿಲ್ಲ ಎಂಬುದನ್ನು ಮೆಟ್ಟಿಲು ಗುಡಿಸುವವರು ಯಾವಾಗಲೂ ನೆನಪಿಡಬೇಕು. ಕಟಾಂಜನ ಇನ್ನೂ ಬಂದಿರದ ಮೆಟ್ಟಿಲಿನಲ್ಲಿ ಮೊಳೆಯಿರುವ ಒಂದು ರೀಪರ್ (ಮರದ ಪಟ್ಟಿ) ತುಂಡು ಸಾಕು. ಕಟಾಂಜನ ಬರುವವರೆಗೆ ಬದಿಗೆ ಎರಡು ಸಾಲು ಸರ್ವೇ ಮರದ ಗಳ ಕಟ್ಟಬೇಕು.

ಮೋಲ್ಡ್ ಹಾಕುವ ದಿನ

1,000 ಚದರಡಿಯ, 5 ಇಂಚು ದಪ್ಪದ ಮೋಲ್ಡಿಗೆ, ಅಂದರೆ ಚಾವಣಿಗೆ, ಕಾಂಕ್ರೀಟು ಸುಮಾರು 11.8 ಘನ ಮೀಟರು. ಘನ ಮೀಟರಿಗೆ 2,400 ಕೆಜಿಯಂತೆ 28 ಟನ್. ಬಾಂಡ್ಲಿಗೆ 20 ಕೆಜಿ ಎಂದರೆ 1,400 ಬಾಂಡ್ಲಿ. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವಾಗ ಭಾರ ಹಂಚಿಹೋಗುತ್ತದೆ ಎಂದು ಅನ್ನಿಸುತ್ತದೆ. ಒಂದೇ ಸಾಲು ಇದ್ದರೆ ಪ್ರತಿಯೊಂದು ಬಾಂಡ್ಲಿಯೂ ಪ್ರತಿಯೊಬ್ಬರ ಕೈಯಿಂದಲೂ ಹೋಗುತ್ತದೆ. ಸಾಲಿನಲ್ಲಿ ಹತ್ತು ಜನರಿದ್ದರೆ ಹತ್ತೂ ಜನ ಆ ದಿನ 28 ಟನ್ ಎತ್ತಿದಂತಾಯಿತು. ಹಂಚಿಹೋಗುವುದು ದೂರ ಮಾತ್ರ.

ಏಣಿಯ ಮೇಲೆ ನಿಂತವರಿಗೆ ಬಾಂಡ್ಲಿ ಬರುವುದು ಮೊಣಕಾಲಿನ ಕೆಳಗಿಂದ, ಕೊಡಬೇಕಾದದ್ದು ತಲೆಯ ಮೇಲಕ್ಕೆ. ಇಲ್ಲಿ ಬೆನ್ನಿನ ಜೊತೆ ಹೆಗಲಿನ ಕೀಲೂ ಹಾಳಾಗುತ್ತದೆ. ಅದಕ್ಕೆ ಏಣಿಯ ಬದಲು ಎರಡು ಮೂರು ಅಟ್ಟಣೆ ಕಟ್ಟಿ, ಒಂದರಿಂದ ಒಂದಕ್ಕೆ ಎತ್ತರ ಎರಡೂವರೆ ಮೂರಡಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಎಲ್ಲರೂ ಒಂದೊಂದು ಸ್ಥಾನ ಮುಂದಕ್ಕೆ ಸರಿಯಬೇಕು, ಆಗ ಅತಿ ಕಷ್ಟದ ಜಾಗ ಒಬ್ಬರಿಗೇ ಕಾಯಂ ಆಗುವುದಿಲ್ಲ. ಬಾಂಡ್ಲಿಯನ್ನು ಮುಕ್ಕಾಲು ಮಾತ್ರ ತುಂಬಿದರೆ ಚೆಲ್ಲುವುದೂ ಕಡಿಮೆ, ಕಣ್ಣಿಗೆ ಹಾರುವ ಸಿಮೆಂಟ್ ನೀರೂ ಕಡಿಮೆ. ಮೇಲಿನಿಂದ ಖಾಲಿ ಬಾಂಡ್ಲಿ ಎಸೆಯುವ ರೂಢಿಯನ್ನು ಪೂರ್ತಿ ನಿಲ್ಲಿಸಬೇಕು. ಅದರ ತಗಡಿನ ಅಂಚು ಸವೆದು ಕತ್ತಿಯಂತಾಗಿರುತ್ತದೆ. ಮಿಕ್ಸರಿನ ಲಿಫ್ಟ್ ತರಿಸಿದರೆ ಈ ಸಾಲೇ ಬೇಡ, ಆದರೆ ಬಕೆಟ್ಟಿನ ಕೆಳಗೆ ಯಾರೂ ಸುಳಿಯದಂತೆ ಹಗ್ಗ ಕಟ್ಟಿ ತಡೆಯಬೇಕು, ತಂತಿಹಗ್ಗದಲ್ಲಿ ಎಳೆ ಕಿತ್ತುಬಂದಿದ್ದರೆ ಆ ದಿನ ಯಂತ್ರ ಓಡಬಾರದು.

ಕಬ್ಬಿಣದ್ದು ಬೇರೆಯೇ ಗುಣ. ವ್ಯಾಸದ ಮಿಲ್ಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಸಿಗುತ್ತದೆ ಎಂಬುದು ಪ್ರತಿ ಬಾರ್ ಬೆಂಡರಿಗೂ ಗೊತ್ತು. 12 ಮೀಟರಿನ 16 ಎಂಎಂ ಸಲಾಕೆ 19 ಕೆಜಿ, 25 ಎಂಎಂದು 46. ತೂಕಕ್ಕಿಂತ ಉದ್ದ ಅಪಾಯ. ಹೆಗಲ ಮೇಲೆ ಹೊತ್ತವರಿಬ್ಬರೂ ಒಂದೇ ಕಡೆಯ ಹೆಗಲಿಗೆ ಹಾಕಿಕೊಂಡಿರಬೇಕು, ಇಳಿಸುವಾಗ ಒಟ್ಟಿಗೆ ಇಳಿಸಬೇಕು. ಒಬ್ಬ ಮೊದಲು ಬಿಟ್ಟರೆ ಸಲಾಕೆ ಚಾವಟಿಯಂತೆ ಪುಟಿದು ಇನ್ನೊಬ್ಬನ ಕುತ್ತಿಗೆಗೆ ಬಡಿಯುತ್ತದೆ. ಸಣ್ಣ ಆರ್ಡರಿನ ಕಬ್ಬಿಣ ನಡುವೆ ಮಡಚಿ ಕಟ್ಟಿದ ಕಂತೆಯಲ್ಲಿ ಬರುತ್ತದೆ. ಅದರ ಕಟ್ಟುತಂತಿ ಕತ್ತರಿಸುವವನು ಬಾಗಿದ ತುದಿಗಳ ಎದುರಿಗೆ ನಿಲ್ಲಬಾರದು. ನೆಲಕ್ಕೆ ಇಡುವ ಮುಂಚೆ ಎರಡು ರೀಪರ್ ತುಂಡು ಅಡ್ಡ ಇಟ್ಟಿದ್ದರೆ ಬೆರಳು ಹೊರಗೆ ತೆಗೆಯಲು ಸಂದಿ ಸಿಗುತ್ತದೆ. ಜಜ್ಜಿದ ಬೆರಳುಗಳಲ್ಲಿ ಬಹಳಷ್ಟು ಈ ಎರಡು ತುಂಡು ಇಲ್ಲದ್ದಕ್ಕೆ ಜಜ್ಜಿದವು. ಸಲಾಕೆಯನ್ನು ನೆಟ್ಟಗೆ ನಿಲ್ಲಿಸಿ ಮಹಡಿಗೆ ಏರಿಸುವ ಮುಂಚೆ ರಸ್ತೆಯ 11 ಕೆವಿ ವಿದ್ಯುತ್ ತಂತಿ ಎಲ್ಲಿದೆ ಎಂದು ತಲೆಯೆತ್ತಿ ನೋಡಲೇಬೇಕು.

ಇಬ್ಬರು ಸೇರಿದರೆ ಎರಡರಷ್ಟು ಎತ್ತಬಹುದು ಎಂಬುದೂ ನಿಜವಲ್ಲ. ಇಬ್ಬರ ಶಕ್ತಿಯ ಮೊತ್ತದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು, ಮೂವರಾದರೆ ಅರ್ಧ. ಹೆಜ್ಜೆ ಹೊಂದುವುದಿಲ್ಲ, ಎತ್ತರ ಹೊಂದುವುದಿಲ್ಲ, ಒಬ್ಬ ಒಂದು ಗಳಿಗೆ ತಡಮಾಡಿದರೆ ಪೂರ್ತಿ ಭಾರ ಇನ್ನೊಬ್ಬನ ಮೇಲೆ. ಹಳೆಯ ಕಾಲದ "ಐಲೇಸಾ" ಹುಟ್ಟಿದ್ದು ಈ ಒಂದು ಗಳಿಗೆಯನ್ನು ಹೊಂದಿಸಲಿಕ್ಕೆ. ಈಗ ಒಂದೇ ಸೈಟಿನಲ್ಲಿ ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಒಡಿಯಾ ಮಾತಾಡುವವರಿದ್ದಾರೆ. "ಬಿಡು" ಅಂದದ್ದು "ಹಿಡಿ" ಎಂದು ಕೇಳಿಸಿದರೆ ಮುಗಿಯಿತು. ಎತ್ತುವ ಮುಂಚೆ ಒಬ್ಬನೇ ಕೂಗುವವನು, ಎತ್ತಲು ಒಂದು ಮಾತು, ಇಳಿಸಲು ಒಂದು ಮಾತು ಎಂದು ನಿಗದಿ ಮಾಡಿಕೊಳ್ಳಬೇಕು.

ಕಲ್ಲು ಬಿದ್ದರೆ ಬೀಳಲಿ

ಗ್ರಾನೈಟು ಇಳಿಸುವುದನ್ನು ನೋಡುವಾಗ ಉಸಿರು ಬಿಗಿಹಿಡಿಯುತ್ತದೆ. ಬೆಂಗಳೂರಿನ ಹೊರಗಿನ ಜಿಗಣಿ ಕಡೆಯಿಂದ ಬಂದ ಸಣ್ಣ ಲಾರಿ, ಅದರ ನಡುವೆ ಕಬ್ಬಿಣದ ಸ್ಟ್ಯಾಂಡು, ಎರಡೂ ಬದಿಗೆ ಒರಗಿಸಿದ ಹಲಗೆಕಲ್ಲು. 20 ಎಂಎಂ ದಪ್ಪದ ಗ್ರಾನೈಟು ಚದರಡಿಗೆ 5 ಕೆಜಿ. ಅಡಿಗೆಮನೆ ಕಟ್ಟೆಗೆ ತರಿಸಿದ 8×2.5 ಅಡಿಯ ತುಂಡು 100 ಕೆಜಿ, 10×6ರ ಇಡೀ ಹಲಗೆ 300. ಮಲಗಿಸಿ ಹೊತ್ತರೆ ತನ್ನ ಭಾರಕ್ಕೇ ಮುರಿಯುತ್ತದೆ, ಅದಕ್ಕೆ ಅಂಚಿನ ಮೇಲೆ ನಿಲ್ಲಿಸಿಕೊಂಡೇ ಒಯ್ಯಬೇಕು. ನಿಂತ ಕಲ್ಲು ಒಂದು ಕಡೆಗೆ ವಾಲಿರುವವರೆಗೆ ಸುಮ್ಮನಿರುತ್ತದೆ. ಹೊರಕ್ಕೆಳೆಯುವಾಗ ನೆಟ್ಟಗಿನ ಗೆರೆ ದಾಟಿತು ಎಂದರೆ ಅದನ್ನು ತಡೆಯುವ ಶಕ್ತಿ ನಾಲ್ಕು ಗಂಡಸರಲ್ಲೂ ಇಲ್ಲ.

ಆ ದಿನ ನಾಲ್ವರು ಇಳಿಸುತ್ತಿದ್ದರು. ಬಲಬದಿಯ ಕಲ್ಲುಗಳನ್ನೆಲ್ಲ ಮೊದಲು ತೆಗೆದರು, ಎಡಬದಿಯ ಭಾರ ಹಾಗೇ ಉಳಿಯಿತು. ಸ್ಟ್ಯಾಂಡನ್ನು ಲಾರಿಗೆ ಕಟ್ಟಿದ ಹಗ್ಗವನ್ನು ಆಗಲೇ ಬಿಚ್ಚಿದ್ದರು. ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ಎಡಬದಿಯಲ್ಲಿ, ಕಲ್ಲಿಗೂ ಲಾರಿಯ ಪಕ್ಕದ ಹಲಗೆಗೂ ನಡುವಿನ ಒಂದಡಿ ಸಂದಿಯಲ್ಲಿ ನಿಂತು ಕೈ ಒತ್ತಿ ಹಿಡಿದಿದ್ದ. ಸ್ಟ್ಯಾಂಡು ಸಣ್ಣಗೆ ಅಲುಗಿತು. ದೊಡ್ಡವನೊಬ್ಬ "ಬಿಟ್ಟು ಹಾರೋ!" ಎಂದು ಕೂಗಿದ. ಹುಡುಗ ಬಿಡಲಿಲ್ಲ. ಎರಡು ಸೆಕೆಂಡು ತಡವಾಗಿ ಬಿಟ್ಟ, ಕೆಳಗೆ ಹಾರಿದ, ಕಲ್ಲು ಬಂದು ಅವನು ನಿಂತಿದ್ದ ಜಾಗಕ್ಕೆ ಅಪ್ಪಳಿಸಿತು. ಹಿಮ್ಮಡಿಯ ಮೇಲೆ ಚರ್ಮ ಕಿತ್ತುಹೋಗಿತ್ತು, ಅಷ್ಟೇ. ಯಾಕೆ ಹಿಡಿದುಕೊಂಡೆ ಎಂದು ಕೇಳಿದಾಗ ಅವನು ಹೇಳಿದ್ದು: "ಒಡೆದ್ರೆ ಕೂಲೀಲಿ ಮುರ್ಕೋತಾರಣ್ಣ."

ಕಲ್ಲಿನ ಕೆಲಸದಲ್ಲಿ ಸಾವುಗಳಾಗುವುದು ಈ ಎರಡು ಸೆಕೆಂಡಿನಲ್ಲಿ. ಎರಡೂ ಬದಿಗಳನ್ನು ಸಮನಾಗಿ ಖಾಲಿ ಮಾಡುತ್ತ ಬರಬೇಕು, ಈ ಬದಿಯದೊಂದು ಆ ಬದಿಯದೊಂದು. ಕೊನೆಯ ಕಲ್ಲು ಇಳಿಯುವವರೆಗೆ ಸ್ಟ್ಯಾಂಡಿನ ಹಗ್ಗ ಬಿಚ್ಚಬಾರದು. ಲಾರಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಚರಂಡಿ ಕಡೆಗೆ ಒಂದು ಚಕ್ರ ತಗ್ಗಿದ್ದರೂ ಕಲ್ಲು ಅತ್ತಲೇ ಬರುತ್ತದೆ. ಕಲ್ಲು ಬೀಳಬಹುದಾದ ಬದಿಯಲ್ಲಿ, ಗೋಡೆಗೂ ಕಲ್ಲಿಗೂ ನಡುವೆ, ಯಾರೂ ನಿಲ್ಲಬಾರದು, ಹಿಡಿಯುವವರು ಎರಡು ತುದಿಗಳಲ್ಲಿ ಮಾತ್ರ. ಇಷ್ಟಕ್ಕಿಂತಲೂ ಮುಖ್ಯವಾದ ಮಾತನ್ನು ಮನೆ ಕಟ್ಟಿಸುವವರು ತಮ್ಮ ಬಾಯಿಂದಲೇ, ಇಳಿಸುವ ಮುಂಚೆ, ಎಲ್ಲರೆದುರು ಹೇಳಬೇಕು: "ಕಲ್ಲು ಒಡೆದರೆ ನನಗೇ ನಷ್ಟ, ನಿಮ್ಮ ಕೂಲಿ ಮುರಿಯುವುದಿಲ್ಲ. ವಾಲಿದರೆ ಬಿಟ್ಟುಬಿಡಿ."

ಹಿಡಿದ ಮೇಲೆ

ಸೊಂಟ ಹಿಡಿದವರು ಮೊದಲು ಹೋಗುವುದು ಉಳುಕು ತೆಗೆಯುವವರ ಹತ್ತಿರ. ಬರಿ ಸ್ನಾಯುನೋವಾದರೆ ಬಿಸಿ ಶಾಖ, ಎರಡು ದಿನದ ವಿಶ್ರಾಂತಿ, ಆಮೇಲೆ ಮೆಲ್ಲಗೆ ಓಡಾಟ, ಇಷ್ಟಕ್ಕೇ ಬಹಳಷ್ಟು ವಾಸಿಯಾಗುತ್ತದೆ. ವಾರಗಟ್ಟಲೆ ಮಲಗಿದರೆ ಇನ್ನೂ ಬಿಗಿಯುತ್ತದೆ. ಆದರೆ ನೋವು ಮೊಣಕಾಲು ದಾಟಿ ಪಾದಕ್ಕೆ ಇಳಿದರೆ, ಪಾದ ಎತ್ತಲು ಬಾರದೆ ಚಪ್ಪಲಿ ಎಳೆಯುವಂತಾದರೆ ಬೆನ್ನು ಒತ್ತಿಸಿಕೊಳ್ಳಬಾರದು, ಡಾಕ್ಟರಿಗೆ ತೋರಿಸಬೇಕು. ಎರಡು ತೊಡೆಯ ನಡುವೆ ಜೋಮು ಬಂದರೆ, ಮೂತ್ರ ಹೋಗದಿದ್ದರೆ ಅಥವಾ ತಡೆಯಲಾಗದಿದ್ದರೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ. ತಡವಾದರೆ ಆ ನರಗಳ ಶಕ್ತಿ ಮತ್ತೆ ಬರದೇ ಹೋಗಬಹುದು. ಅಂಗಡಿಯಲ್ಲಿ ಸಿಗುವ ಸೊಂಟದ ಬೆಲ್ಟು ಪೆಟ್ಟಾಗದಂತೆ ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬೆಲ್ಟಿದೆ ಎಂಬ ಧೈರ್ಯಕ್ಕೆ ಹೆಚ್ಚು ಎತ್ತುವ ಅಪಾಯವೇ ದೊಡ್ಡದು.

ಬಿದ್ದು ಕಾಲು ಮುರಿದರೆ ತಾರೀಖು, ಹೊತ್ತು, ಸಾಕ್ಷಿ ಎಲ್ಲ ಇರುತ್ತದೆ. ಸವೆದ ಬೆನ್ನಿಗೆ ತಾರೀಖಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ದಾರಿ ಹಿಡಿದವರಿಗೆ ಕಷ್ಟವಾದದ್ದು ಇಲ್ಲೇ, ಕೆಲಸದಿಂದಲೇ ಆಯಿತು ಎಂದು ತೋರಿಸುವುದರಲ್ಲಿ. ಅದಕ್ಕೆ ಮೊದಲ ದಿನವೇ ಆಸ್ಪತ್ರೆಯ ಚೀಟಿಯಲ್ಲಿ "ಕೆಲಸದ ಜಾಗದಲ್ಲಿ ಭಾರ ಎತ್ತುವಾಗ" ಎಂದು ಬರೆಸಬೇಕು, ಏನು ಎತ್ತುತ್ತಿದ್ದರು ಎಂಬುದರ ಒಂದು ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಕು. 18ರಿಂದ 60 ವಯಸ್ಸಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಸೊಂಟ ಹಿಡಿದ ಮೇಲೆ ಆ ಕಾರ್ಡಿಗೆ ಅಲೆಯುವುದಕ್ಕಿಂತ ಗಟ್ಟಿಯಿದ್ದಾಗಲೇ ಮಾಡಿಸುವುದು ಸುಲಭ.

ಸುಣ್ಣದ ಗೆರೆ

ಇನ್ನೊಂದು ಸೈಟು, ಇದೂ 30×40, ಇದೂ 20 ಅಡಿ ರಸ್ತೆ. ಪಾಯದ ಮಾರ್ಕಿಂಗಿಗೆ ತಂದು ಉಳಿದಿದ್ದ ಸುಣ್ಣದ ಪುಡಿಯಲ್ಲಿ ಮೇಸ್ತ್ರಿ ನೆಲದ ಮೇಲೆ ಚೌಕಗಳನ್ನು ಹಾಕಿದ್ದ. ಗೇಟಿನಿಂದ ಒಳಕ್ಕೆ ನಾಲ್ಕಡಿ ಅಗಲದ ದಾರಿ, ಅದರ ಮೇಲೆ ಸವೆದುಹೋದ ಸಂಟ್ರಿಂಗ್ ಪ್ಲೈವುಡ್ಡು ಹಾಸಿತ್ತು. ಮರಳಿನ ಮೇಲೆ ಕೈಗಾಡಿಯ ಚಕ್ರ ಹೂತು ಎರಡು ಪಟ್ಟು ಬಲ ಬೇಕಾಗುತ್ತದೆ, ಹಲಗೆಯ ಮೇಲೆ ನಾಲ್ಕು ಬ್ಲಾಕಿನ ಗಾಡಿಯನ್ನು ಒಬ್ಬ ಹೆಂಗಸು ಆರಾಮಾಗಿ ತಳ್ಳುತ್ತಿದ್ದಳು. ಚಕ್ರಕ್ಕೆ ಗಾಳಿ ತುಂಬಿತ್ತು. ಮರಳಿನ ಚೌಕ ಎಡಮೂಲೆಗೆ, ಮಿಕ್ಸರಿಗೆ ಹತ್ತಿರ. ಸಿಮೆಂಟಿನ ಶೆಡ್ಡು ಅದರ ಪಕ್ಕಕ್ಕೆ, ಆರು ಹೆಜ್ಜೆ ದೂರ. ಬ್ಲಾಕಿನ ಚೌಕ ಎರಡು: ಕೆಳಮನೆಯ ಗೋಡೆಗೆ ಬೇಕಾದದ್ದು ಒಳಗೆ, ಮಹಡಿಯದ್ದು ಲಿಫ್ಟಿನ ಕಂಬದ ಬುಡಕ್ಕೆ. ಮಹಡಿಯ ಬ್ಲಾಕಿಗೆ ಇನ್ನೂ ಆರ್ಡರು ಕೊಟ್ಟಿರಲಿಲ್ಲ. ಮೋಲ್ಡಿನ ಸಂಟ್ರಿಂಗು ಬಿಚ್ಚಿದ ಮೇಲೆ ತರಿಸುತ್ತೇನೆ, ಮುಂಚೆ ಬಂದರೆ ಎರಡು ಸಲ ಎತ್ತಬೇಕು ಎಂದು ಅವನ ಲೆಕ್ಕ.

ಏಳು ಗಂಟೆಗೆ ಲಾರಿ ಬಂತು. ಮೇಸ್ತ್ರಿ ಅಲ್ಲಿರಲಿಲ್ಲ, ಹೆಣ್ಣಾಳೊಬ್ಬಳು ಗೇಟಿನಲ್ಲಿ ನಿಂತಿದ್ದಳು. ಡ್ರೈವರು ತಲೆ ಹೊರಗೆ ಹಾಕಿ "ಎಲ್ಲಿ ಇಳಿಸ್ಲಿ ಅಕ್ಕಾ?" ಅಂದ. ಅವಳು ಸುಣ್ಣದ ಗೆರೆ ತೋರಿಸಿ, "ಗೆರಿ ಒಳಗ ಹಿಂದಕ್ಕ ತಗೋರಿ" ಅಂದಳು. ಅವನು ಗಾಡಿ ಹಿಂದಕ್ಕೆ ತೆಗೆದ.